ಕಾಲೇಜ್ ಫುಟ್‌ಬಾಲ್ 25 ತಗೊಳ್ಳಲಾ, 26 ತಗೊಳ್ಳಲಾ? ಆಡಿದವರು ಬಿಡಿಸಿ ಹೇಳಿ

ಕೊಲಂಬಸ್_ದಾವಣಗೆರೆ

ನಮಸ್ಕಾರ ಎಲ್ಲರಿಗೂ. ನಾನು ಒಹಾಯೊದ ಕೊಲಂಬಸ್‌ನಲ್ಲಿ ಎಂಎಸ್ ಓದುತ್ತಿದ್ದೇನೆ. ಇಲ್ಲಿಗೆ ಬರುವ ಮುಂಚೆ ಅಮೆರಿಕನ್ ಫುಟ್‌ಬಾಲ್ ಪಂದ್ಯ ಪೂರ್ತಿ ನೋಡಿಯೇ ಇರಲಿಲ್ಲ. ಈಗ ಸೀಸನ್ ಶುರುವಾದರೆ ಶನಿವಾರ ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ. 2025ರ ಜನವರಿಯಲ್ಲಿ ಒಹಾಯೊ ಸ್ಟೇಟ್ 34–23ರಿಂದ ನೋಟರ್ ಡೇಮ್ ತಂಡವನ್ನು ಸೋಲಿಸಿ ಚಾಂಪಿಯನ್ ಆಯಿತಲ್ಲ, ಆ ರಾತ್ರಿ ನಮ್ಮ ಬೀದಿಯಲ್ಲಿ ಯಾರೂ ಮಲಗಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ರೂಮ್‌ಮೇಟ್ ಹತ್ತಿರ ಪಿಎಸ್5 ಇದೆ. ಇಎ ಸ್ಪೋರ್ಟ್ಸ್‌ನ ಕಾಲೇಜ್ ಫುಟ್‌ಬಾಲ್ ಆಟ ತಗೊಳ್ಳಬೇಕು ಅಂತಿದ್ದೇನೆ. 25 ಹಳೆಯದಾಯಿತು, ಸೆಕೆಂಡ್ ಹ್ಯಾಂಡ್ ಡಿಸ್ಕ್ ಕಡಿಮೆ ಬೆಲೆಗೆ ಸಿಗುತ್ತಿದೆ. 26ಕ್ಕೆ ಜಾಸ್ತಿ ಕೊಡಬೇಕು. ಯೂಟ್ಯೂಬ್‌ನಲ್ಲಿ ನೋಡಿದರೆ ಒಬ್ಬರು ಇದಕ್ಕಿಂತ ಒಳ್ಳೆಯ ಸ್ಪೋರ್ಟ್ಸ್ ಗೇಮ್ ಇಲ್ಲ ಅನ್ನುತ್ತಾರೆ, ಇನ್ನೊಬ್ಬರು ಇಎಯದೇ ಎನ್‌ಎಫ್‌ಎಲ್ (ವೃತ್ತಿಪರ ಲೀಗ್) ಗೇಮ್ ಆದ ಮ್ಯಾಡನ್‌ಗೆ ಬೇರೆ ಅಂಗಿ ತೊಡಿಸಿದ್ದಾರೆ ಅಷ್ಟೇ ಅನ್ನುತ್ತಾರೆ. ನಾನು ಇಲ್ಲಿಯವರೆಗೆ ಆಡಿರುವುದು ಫಿಫಾ ಮತ್ತು ಕ್ರಿಕೆಟ್ ಗೇಮ್‌ಗಳು. ರಾತ್ರಿ ಅಸೈನ್‌ಮೆಂಟ್ ಮುಗಿಸಿ ಒಬ್ಬನೇ ಕೂತು ಆಡುವವನು, ಆನ್‌ಲೈನ್‌ನಲ್ಲಿ ಹೊಡೆದಾಡುವ ಆಸೆ ಇಲ್ಲ. ಇದರಲ್ಲಿ ನಿಜವಾಗಿ ಏನು ಚೆನ್ನಾಗಿದೆ, ಏನು ಕೆಟ್ಟಿದೆ? ರೂಲ್ಸ್ ಅರ್ಧಂಬರ್ಧ ಗೊತ್ತಿರುವವನಿಗೆ ಕೈಗೆ ಹತ್ತುತ್ತಾ?

---

ಹಾಸನ_ಟು_ಟೆಕ್ಸಸ್

ಮೊದಲು ಚೆನ್ನಾಗಿರುವುದನ್ನೇ ಹೇಳುತ್ತೇನೆ ಗುರು. ಈ ಆಟ ಮನಸ್ಸಿಗೆ ಹಿಡಿಯುವುದೇ ಅಲ್ಲಿಂದ.

ನಾನು ಓದಿದ್ದು ಟೆಕ್ಸಸ್ ಎ ಆ್ಯಂಡ್ ಎಂನಲ್ಲಿ. ಅಲ್ಲಿನ ಕೈಲ್ ಫೀಲ್ಡ್‌ನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಹಿಡಿಸುತ್ತಾರೆ. ವಿದ್ಯಾರ್ಥಿಗಳು ಪಂದ್ಯ ಮುಗಿಯುವವರೆಗೆ ಕೂರುವುದಿಲ್ಲ, ನಿಂತೇ ಇರುತ್ತಾರೆ. 1922ರಿಂದ ನಡೆದುಬಂದ ಪದ್ಧತಿ ಅದು. ತಂಡಕ್ಕೆ ಒಬ್ಬ ಆಟಗಾರ ಬೇಕಾದರೆ ಇಳಿಯಲು ನಾವು ರೆಡಿ ಅಂತ ಅರ್ಥ. ಆ ಗದ್ದಲವನ್ನು ಗೇಮ್‌ನಲ್ಲಿ ತರಲು ಸಾಧ್ಯವಿಲ್ಲ ಅಂದುಕೊಂಡೇ 25 ಹಾಕಿದೆ. ತಂದಿದ್ದಾರೆ. ಬೇರೆಯವರ ಊರಿಗೆ ಹೋಗಿ ಮೂರನೇ ಡೌನ್, ಅಂದರೆ ನಾಲ್ಕು ಅವಕಾಶಗಳಲ್ಲಿ ಮೂರನೆಯದು, ಆಡುವಾಗ ಸ್ಕ್ರೀನ್ ನಡುಗುತ್ತದೆ. ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಎಲ್ಲಿ ಓಡಬೇಕು ಅಂತ ತೋರಿಸುವ ಗೆರೆಗಳು ಅಲುಗಾಡಿ ಸೊಟ್ಟಗಾಗುತ್ತವೆ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಹೊಸ ಹುಡುಗನಾಗಿದ್ದರೆ ಅವನ ಕೈ ಇನ್ನಷ್ಟು ತಪ್ಪುತ್ತದೆ. ಅಂದರೆ ಗದ್ದಲ ಬರೀ ಸೌಂಡ್ ಅಲ್ಲ, ಅದು ಪಂದ್ಯದ ಒಳಗೇ ಇದೆ. 25ರಲ್ಲಿ ಆಡಲು ಅತಿ ಕಷ್ಟದ ಸ್ಟೇಡಿಯಂಗಳ ಪಟ್ಟಿ ಮಾಡಿದಾಗ ಕೈಲ್ ಫೀಲ್ಡ್‌ಗೆ ಮೊದಲ ಸ್ಥಾನ ಕೊಟ್ಟಿದ್ದರು. 26ರಲ್ಲಿ ಅದು ಅಲಬಾಮಾದ ಬ್ರಯಂಟ್-ಡೆನಿ ಪಾಲಾಯಿತು. ನಮಗೆ ಬೇಜಾರಾಯಿತು, ಇರಲಿ.

ಪಂದ್ಯಕ್ಕೆ ಮುಂಚಿನ ಸಂಭ್ರಮವನ್ನೂ ನೋಡಬೇಕು. ಕ್ಲೆಮ್ಸನ್ ಹುಡುಗರು ಬಂಡೆ ಮುಟ್ಟಿ ಗುಡ್ಡದಿಂದ ಕೆಳಗೆ ಓಡಿ ಬರುತ್ತಾರೆ, ಕೊಲರಾಡೊದವರ ಮುಂದೆ ನಿಜವಾದ ಕಾಡೆಮ್ಮೆ ಓಡುತ್ತದೆ, ಟೆನೆಸಿಯವರು ಬ್ಯಾಂಡ್ ರಚಿಸಿದ ಟಿ ಅಕ್ಷರದ ನಡುವಿನಿಂದ ನುಗ್ಗುತ್ತಾರೆ. ಪ್ರತಿ ಊರಿಗೂ ಅದರದೇ ಆಚಾರ. ಎನ್‌ಎಫ್‌ಎಲ್‌ನಲ್ಲಿ ಇದಿಲ್ಲ. ಆದ್ದರಿಂದ ಮ್ಯಾಡನ್‌ನಲ್ಲೂ ಇಲ್ಲ.

ಈಗ ಆ "ಬೇರೆ ಅಂಗಿ" ಮಾತು. ಮೆನುಗಳಲ್ಲಿ, ಕೆಲವು ಟ್ಯಾಕಲ್ ಅನಿಮೇಷನ್‌ಗಳಲ್ಲಿ ಮ್ಯಾಡನ್ ಕಾಣುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಆಟವೇ ಬೇರೆ. ಮೈದಾನದ ಮಧ್ಯೆ ಚೆಂಡು ಇಡುವ ಹ್ಯಾಶ್ ಗುರುತುಗಳಿವೆಯಲ್ಲ, ಕಾಲೇಜಿನಲ್ಲಿ ಅವೆರಡರ ನಡುವೆ 40 ಅಡಿ ಅಂತರ. ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ ಅಡಿ ಮಾತ್ರ. ಹಾಗಾಗಿ ಇಲ್ಲಿ ಚೆಂಡು ಒಂದು ಪಕ್ಕಕ್ಕೆ ಬಿದ್ದರೆ ಇನ್ನೊಂದು ಪಕ್ಕ ಪೂರ್ತಿ ಬಯಲಾಗಿ ಬಿದ್ದಿರುತ್ತದೆ. ಆ ಬಯಲಿಗೆ ಕ್ವಾರ್ಟರ್‌ಬ್ಯಾಕನ್ನೇ ಓಡಿಸುವುದು ಕಾಲೇಜ್ ಆಟದ ಜೀವ. ಆಪ್ಷನ್ ಅನ್ನುತ್ತಾರೆ. ಎದುರಿನ ಒಬ್ಬ ಡಿಫೆಂಡರ್ ಮೇಲೆ ಕಣ್ಣಿಡಬೇಕು. ಅವನು ರನ್ನರ್ ಕಡೆ ಹೋದರೆ ಚೆಂಡು ನೀವೇ ಇಟ್ಟುಕೊಂಡು ಓಡಬೇಕು, ನಿಮ್ಮ ಕಡೆ ಬಂದರೆ ರನ್ನರ್ ಕೈಗೆ ಕೊಡಬೇಕು. ಅರ್ಧ ಸೆಕೆಂಡ್ ಕೂಡ ಇರುವುದಿಲ್ಲ. ಇದು ಕೈಗೆ ಹತ್ತಿದ ದಿನ ನೀವು ನಿದ್ದೆ ಮಾಡುವುದಿಲ್ಲ.

25ರಲ್ಲಿ ತಂದ ಇನ್ನೊಂದು ಒಳ್ಳೆಯ ಸಂಗತಿ ಮೈಸವೆತದ ಲೆಕ್ಕ. ಅವರು ಅದನ್ನು ವೇರ್ ಆ್ಯಂಡ್ ಟೇರ್ ಅಂತ ಕರೆದಿದ್ದಾರೆ. ಪ್ರತಿ ಏಟೂ ದೇಹದ ಯಾವ ಭಾಗಕ್ಕೆ ಬಿತ್ತು ಅಂತ ಗೇಮ್ ನೆನಪಿಡುತ್ತದೆ. ನಿಮ್ಮ ಕ್ವಾರ್ಟರ್‌ಬ್ಯಾಕನ್ನು ಸುಮ್ನೆ ಸುಮ್ನೆ ಓಡಿಸಿ ಏಟು ತಿನ್ನಿಸಿದರೆ ನಾಲ್ಕನೇ ಕ್ವಾರ್ಟರ್ ಹೊತ್ತಿಗೆ ಅವನ ಭುಜ ಕೈಕೊಡುತ್ತದೆ. ಆಮೇಲೆ ಎಸೆದ ಚೆಂಡು ಎಲ್ಲಿಗೋ ಹೋಗುತ್ತದೆ. ಒಳ್ಳೆಯ ಓಟಗಾರ ಇದ್ದಾನೆ ಅಂತ ಅವನಿಗೇ ಮೂವತ್ತು ಸಲ ಚೆಂಡು ಕೊಡುವ ಚಟ ಇದರಿಂದ ಬಿಡುತ್ತದೆ.

---

ಮೈಸೂರು_ಮಿಷಿಗನ್

ಹಾಸನದವರು ಮೈದಾನದ ಬಗ್ಗೆ ಹೇಳಿದ್ದಾರೆ. ನಾನು ಡೈನಸ್ಟಿ ಬಗ್ಗೆ ಹೇಳುತ್ತೇನೆ. ಒಬ್ಬರೇ ಕೂತು ಆಡುವವರಿಗೆ ಗೇಮ್ ಅಂದರೆ ಅದೇ.

ಡೈನಸ್ಟಿಯಲ್ಲಿ ನೀವು ಕೋಚ್. ಹೆಡ್ ಕೋಚ್ ಆಗಿ ಶುರು ಮಾಡಬಹುದು, ಇಲ್ಲವೇ ಬರೀ ಆಫೆನ್ಸ್ ಅಥವಾ ಡಿಫೆನ್ಸ್ ನೋಡಿಕೊಳ್ಳುವ ಕೋಆರ್ಡಿನೇಟರ್ ಆಗಿ ಸೇರಿ ಮೇಲೇರಬಹುದು. 25ರಲ್ಲಿ ಮೇಲಿನ ದರ್ಜೆಯ 134 ಕಾಲೇಜುಗಳೂ ಇವೆ. ಡೆಲವೇರ್ ಮತ್ತು ಮಿಸೌರಿ ಸ್ಟೇಟ್ ಸೇರಿ 26ರಲ್ಲಿ 136 ಆದವು. ಕೆಂಟ್ ಸ್ಟೇಟ್‌ನಂಥ, ವರ್ಷಕ್ಕೆ ಒಂದೆರಡು ಪಂದ್ಯ ಗೆದ್ದರೆ ದೊಡ್ಡದು ಅನ್ನುವ ತಂಡ ಹಿಡಿಯಿರಿ. ಆಮೇಲೆ ಹೈಸ್ಕೂಲ್ ಹುಡುಗರ ಹಿಂದೆ ಬೀಳಬೇಕು. ವಾರಕ್ಕೆ ಇಷ್ಟು ಗಂಟೆ ಅಂತ ಲೆಕ್ಕ ಕೊಡುತ್ತಾರೆ. ಅದರಲ್ಲೇ ಒಬ್ಬನಿಗೆ ಸ್ಕಾಲರ್‌ಶಿಪ್ ಕೊಡುತ್ತೀನಿ ಅನ್ನಬೇಕು, ಇನ್ನೊಬ್ಬನಿಗೆ ಮೆಸೇಜ್ ಹಾಕಬೇಕು, ಮತ್ತೊಬ್ಬನ ಮನೆಯವರ ಹತ್ತಿರ ಮಾತಾಡಬೇಕು. ಒಬ್ಬೊಬ್ಬ ಹುಡುಗನಿಗೂ ಒಂದೊಂದು ಆಸೆ. ಒಬ್ಬನಿಗೆ ಮೊದಲ ವರ್ಷವೇ ಆಡಬೇಕು. ಒಬ್ಬನಿಗೆ ಮನೆ ಹತ್ತಿರ ಇರಬೇಕು. ಒಬ್ಬನಿಗೆ ಓದಿನಲ್ಲಿ ಹೆಸರಿರುವ ಕಾಲೇಜು ಬೇಕು. ಅವನಿಗೆ ಬೇಡವಾದದ್ದನ್ನು ಹೊಗಳಿ ನಿಮ್ಮ ಗಂಟೆಗಳನ್ನು ಹಾಳು ಮಾಡಿಕೊಂಡರೆ ಪಕ್ಕದ ದೊಡ್ಡ ಕಾಲೇಜು ಬಂದು ಎತ್ತಿಕೊಂಡು ಹೋಗುತ್ತದೆ.

ಹಾಗೆ ಕಷ್ಟಪಟ್ಟು ಕರೆತಂದ, ಐದಕ್ಕೆ ಮೂರು ಸ್ಟಾರ್ ರೇಟಿಂಗ್ ಇರುವ ಹುಡುಗ ಎರಡು ವರ್ಷ ಬೆಂಚ್ ಮೇಲೆ ಕೂತು, ಮೂರನೇ ವರ್ಷ ದೊಡ್ಡ ತಂಡದ ಎದುರು ಟಚ್‌ಡೌನ್ ಹೊಡೆದಾಗ ಆಗುವ ಖುಷಿಯನ್ನು ನನಗೆ ಬೇರೆ ಯಾವ ಸ್ಪೋರ್ಟ್ಸ್ ಗೇಮೂ ಕೊಟ್ಟಿಲ್ಲ. ಫಿಫಾ ಕರಿಯರ್ ಮೋಡ್‌ನಲ್ಲಿ ದುಡ್ಡಿದ್ದರೆ ಮುಗಿಯಿತು, ಅಲ್ವಾ? ಇಲ್ಲಿ ನಾಲ್ಕೈದು ವರ್ಷಕ್ಕೆ ಪ್ರತಿಯೊಬ್ಬನೂ ಹೊರಟು ಹೋಗುತ್ತಾನೆ. ಎಷ್ಟೇ ಒಳ್ಳೆಯ ತಂಡ ಕಟ್ಟಿದರೂ ಮತ್ತೆ ಕಟ್ಟಲೇಬೇಕು. ಹಾಗಾಗಿ ಬೇಜಾರಾಗುವುದಿಲ್ಲ.

ಕೊರತೆ ಎಲ್ಲಿದೆ ಅಂದರೆ, ಡೈನಸ್ಟಿಯೊಳಗೆ ಆಟಗಾರರಿಗೆ ಕೊಡುವ ದುಡ್ಡೇ ಇಲ್ಲ. ಇದು ಸಣ್ಣ ವಿಷಯ ಅಲ್ಲ. 2021ರ ಜುಲೈನಿಂದ ಕಾಲೇಜ್ ಆಟಗಾರರು ತಮ್ಮ ಹೆಸರು, ಮುಖ ಬಳಸಲು ಬಿಟ್ಟು ಹಣ ಪಡೆಯಬಹುದು. 2025ರಲ್ಲಿ ಆಟಗಾರರು ಹಾಕಿದ್ದ ಹೌಸ್ ಕೇಸ್ ಇತ್ಯರ್ಥವಾದ ಮೇಲೆ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಪಾಲು ಕೊಡುತ್ತವೆ. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್ ಮಿತಿ. ಇವತ್ತು ಹುಡುಗ ಎಲ್ಲಿಗೆ ಹೋಗುತ್ತಾನೆ ಅನ್ನುವುದನ್ನು ಬಹುಮಟ್ಟಿಗೆ ಈ ಹಣವೇ ತೀರ್ಮಾನಿಸುತ್ತದೆ. ಗೇಮ್‌ನಲ್ಲಿ ಮಾತ್ರ ಹುಡುಗರು ಕ್ಯಾಂಪಸ್ ಚೆನ್ನಾಗಿದೆ, ಸ್ಟೇಡಿಯಂ ಚೆನ್ನಾಗಿದೆ ಅಂತ ಬರುತ್ತಾರೆ. ರೋಡ್ ಟು ಗ್ಲೋರಿಯಲ್ಲಿ, ಅಂದರೆ ನೀವೇ ಒಬ್ಬ ಆಟಗಾರ ಆಗುವ ಮೋಡ್‌ನಲ್ಲಿ, ಜಾಹೀರಾತು ಒಪ್ಪಂದಗಳ ಸುಳಿವು ಇದೆ. ಕೋಚ್ ಕೈಗೆ ಒಂದು ಬಜೆಟ್ ಕೊಟ್ಟು, ಇದರಲ್ಲಿ ಕ್ವಾರ್ಟರ್‌ಬ್ಯಾಕ್‌ಗೆ ಎಷ್ಟು, ಅವನ ಮುಂದೆ ನಿಂತು ತಡೆಯುವ ಲೈನ್‌ಮನ್‌ಗಳಿಗೆ ಎಷ್ಟು ಅಂತ ಕೇಳಿದ್ದರೆ ಡೈನಸ್ಟಿ ಎಷ್ಟು ಗಟ್ಟಿಯಾಗುತ್ತಿತ್ತು!

ಬೇರೆ ಕಾಲೇಜಿಗೆ ಹೋಗಲು ಹೆಸರು ಕೊಡುವ ಟ್ರಾನ್ಸ್‌ಫರ್ ಪೋರ್ಟಲ್ ಇದೆ, ಹುಡುಗರು ಬಿಟ್ಟು ಹೋಗುತ್ತಾರೆ. ಯಾಕೆ ಹೋಗುತ್ತಾರೆ ಅನ್ನುವುದರ ಅರ್ಧ ಕಾರಣ ಮಾತ್ರ ಗೇಮ್‌ನಲ್ಲಿದೆ.

---

ಹಳೇ_ಕನ್ಸೋಲ್

ಇಬ್ಬರೂ ಹೇಳಿದ್ದು ಸರಿ. ಆದರೆ ಈ ಗೇಮ್‌ನ ಗುಣ ದೋಷ ಎರಡೂ ಎಲ್ಲಿಂದ ಬಂದವು ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಇದಕ್ಕಿಂತ ಮುಂಚಿನ ಆಟ ಎನ್‌ಸಿಎಎ ಫುಟ್‌ಬಾಲ್ 14. ಎನ್‌ಸಿಎಎ ಅಂದರೆ ಕಾಲೇಜ್ ಕ್ರೀಡೆಗಳನ್ನು ನಡೆಸುವ ಸಂಸ್ಥೆ. ಬಂದದ್ದು 2013ರ ಜುಲೈನಲ್ಲಿ. ಆಗ ಆಟಗಾರರ ಹೆಸರು ಇರುತ್ತಿರಲಿಲ್ಲ. ಕ್ವಾರ್ಟರ್‌ಬ್ಯಾಕ್ ನಂಬರ್ ಇಂಥದ್ದು ಅಂತಷ್ಟೇ. ಆದರೆ ಎತ್ತರ, ತೂಕ, ಅಂಗಿಯ ನಂಬರ್, ಆಡುವ ರೀತಿ ಎಲ್ಲವೂ ನಿಜವಾದ ಹುಡುಗನದ್ದೇ. ಅವನಿಗೆ ಒಂದು ಡಾಲರ್ ಕೂಡ ಇಲ್ಲ. ಎಡ್ ಒಬ್ಯಾನನ್ ಅಂತ ಯುಸಿಎಲ್‌ಎ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಆಟಗಾರ, 1995ರ ಚಾಂಪಿಯನ್ ತಂಡದವರು. ಪರಿಚಯದವರ ಮನೆಯಲ್ಲಿ ಒಂದು ವಿಡಿಯೊ ಗೇಮ್‌ನಲ್ಲಿ ತಮ್ಮನ್ನೇ ನೋಡಿ 2009ರಲ್ಲಿ ಕೋರ್ಟಿಗೆ ಹೋದರು. ಅರಿಜೋನಾ ಸ್ಟೇಟ್, ನೆಬ್ರಾಸ್ಕಾ ತಂಡಗಳಿಗೆ ಆಡಿದ್ದ ಸ್ಯಾಮ್ ಕೆಲರ್ ಕೂಡ ಬೇರೆ ಕೇಸ್ ಹಾಕಿದ್ದರು. 2013ರಲ್ಲಿ ಎನ್‌ಸಿಎಎ ಲೈಸೆನ್ಸ್ ಒಪ್ಪಂದ ಮುಂದುವರಿಸಲಿಲ್ಲ. ಇಎ ಮತ್ತು ಲೈಸೆನ್ಸ್ ಕಂಪನಿ ಸೇರಿ 4 ಕೋಟಿ ಡಾಲರ್ ಕೊಟ್ಟು ಕೇಸ್ ಮುಗಿಸಿಕೊಂಡವು. ಗೇಮ್ ನಿಂತಿತು. ಪೂರ್ತಿ 11 ವರ್ಷ.

ಕೆಲವರು ಇವತ್ತಿಗೂ ಆಟಗಾರರೇ ಗೇಮ್ ಹಾಳು ಮಾಡಿದರು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಬೆವರು ಅವರದ್ದು, ಮೈ ಅವರದ್ದು. ಕೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ. 2024ರಲ್ಲಿ ಗೇಮ್ ವಾಪಸ್ ಬಂದಾಗ ಒಪ್ಪಿದ ಪ್ರತಿ ಆಟಗಾರನಿಗೂ 600 ಡಾಲರ್ ಮತ್ತು ಒಂದು ಕಾಪಿ ಕೊಡುವ ಒಪ್ಪಂದ ಮಾಡಿದರು. ಹತ್ತು ಸಾವಿರಕ್ಕೂ ಜಾಸ್ತಿ ಹುಡುಗರು ಸೇರಿದರು. ಟೆಕ್ಸಸ್ ತಂಡದ ಕ್ವಾರ್ಟರ್‌ಬ್ಯಾಕ್ ಆರ್ಚ್ ಮ್ಯಾನಿಂಗ್ ಮೊದಲು ಬೇಡ ಅಂದು ಆಮೇಲೆ ಒಪ್ಪಿಕೊಂಡ. ಈಗ ನಿಜವಾದ ಹೆಸರುಗಳಿವೆ. ಕೊಲರಾಡೊದ ಟ್ರಾವಿಸ್ ಹಂಟರ್ 25ರ ಕವರ್ ಮೇಲಿದ್ದಾನೆ. ಆಫೆನ್ಸ್, ಡಿಫೆನ್ಸ್ ಎರಡೂ ಕಡೆ ಆಡಿ ಆ ವರ್ಷದ ಹೈಸ್ಮನ್ ಟ್ರೋಫಿ, ಅಂದರೆ ಅತ್ಯುತ್ತಮ ಕಾಲೇಜ್ ಆಟಗಾರನ ಪ್ರಶಸ್ತಿ, ಗೆದ್ದವನು. ಗೇಮ್‌ನಲ್ಲೂ ಅವನನ್ನು ಎರಡೂ ಕಡೆ ಇಳಿಸಬಹುದು.

ಈ ಒಪ್ಪಂದದ ಇನ್ನೊಂದು ಮುಖ ನಮಗೆ ಕಷ್ಟ ಕೊಡುತ್ತದೆ. 14ರಲ್ಲಿ ಅಭಿಮಾನಿಗಳೇ ಪೂರ್ತಿ ರೋಸ್ಟರ್ (ಆಟಗಾರರ ಪಟ್ಟಿ) ತಿದ್ದಿ, ಹೆಸರು ಹಾಕಿ, ಹಂಚಿಕೊಳ್ಳುತ್ತಿದ್ದರು. ಆ ಆಟ ಅಷ್ಟು ವರ್ಷ ಉಸಿರು ಹಿಡಿದುಕೊಂಡಿದ್ದೇ ಅದರಿಂದ. 25ರಲ್ಲಿ ನಿಜವಾದ ಆಟಗಾರರನ್ನು ನಮಗೆ ಬೇಕಾದಂತೆ ತಿದ್ದಲು ಬಿಡುವುದಿಲ್ಲ. ಒಬ್ಬ ಹುಡುಗ ನಿಜವಾದ ಸೀಸನ್‌ನಲ್ಲಿ ಮಿಂಚಿದರೂ ಅವನ ರೇಟಿಂಗ್ ಕಂಪನಿಯವರೇ ಏರಿಸುವವರೆಗೆ ಕಾಯಬೇಕು. ಅವನು ಸಹಿ ಹಾಕಿದ ಕಾಗದಕ್ಕೆ ಗೌರವ ಕೊಡಬೇಕು, ನಿಜ. ಆದರೆ ಕಂಪ್ಯೂಟರ್ ಹುಟ್ಟಿಸಿದ ಆಟಗಾರರನ್ನಾದರೂ ಪೂರ್ತಿ ಬಿಟ್ಟುಕೊಡಬಹುದಿತ್ತಲ್ಲ.

ಉಳಿದ ದೋಷಗಳನ್ನು ನೇರವಾಗಿ ಹೇಳಿಬಿಡುತ್ತೇನೆ. ಬೆನ್ನು ತಿರುಗಿಸಿ ಓಡುತ್ತಿರುವ ಎದುರು ತಂಡದ ಲೈನ್‌ಬ್ಯಾಕರ್ (ಡಿಫೆಂಡರ್) ಚೆಂಡನ್ನು ನೋಡದೆಯೇ ಕೈ ಚಾಚಿ ಹಿಡಿಯುತ್ತಾನೆ. ನೀವು ಸರಿಯಾಗಿ ಓದಿ ಸರಿಯಾಗಿ ಎಸೆದಿರುತ್ತೀರಿ, ಆದರೂ ಇಂಟರ್‌ಸೆಪ್ಷನ್, ಚೆಂಡು ಎದುರಿನವರ ಪಾಲು. ಎದುರಿನವರು ಬ್ಲಿಟ್ಜ್ ಮಾಡಿದಾಗ, ಅಂದರೆ ಜಾಸ್ತಿ ಜನ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿದಾಗ, ನಿಮ್ಮ ಲೈನ್‌ಮನ್ ಪಕ್ಕದಲ್ಲೇ ಹಾದು ಹೋಗುವವನನ್ನು ಮುಟ್ಟುವುದೂ ಇಲ್ಲ. ಕಿಕ್ ಮೀಟರ್ ಹೊಸಬರ ಕೈಗೆ ಸುಲಭಕ್ಕೆ ಬಗ್ಗುವುದಿಲ್ಲ. ಕಾಮೆಂಟರಿಯಲ್ಲಿ ಕ್ರಿಸ್ ಫೌಲರ್, ಕರ್ಕ್ ಹರ್ಬ್‌ಸ್ಟ್ರೀಟ್ ಥರದ ದೊಡ್ಡ ದನಿಗಳಿವೆ, ಆರಂಭದಲ್ಲಿ ಟಿವಿಯೇ ನೋಡಿದಂತಿರುತ್ತದೆ. ಎರಡನೇ ಸೀಸನ್ ಹೊತ್ತಿಗೆ ಅದೇ ವಾಕ್ಯಗಳು ಮತ್ತೆ ಮತ್ತೆ ಬರುತ್ತವೆ. ನಿಮ್ಮ ತಂಡ ಹತ್ತು ವರ್ಷದಲ್ಲಿ ಏನು ಸಾಧಿಸಿತು ಅನ್ನುವುದು ಅವರಿಗೆ ತಿಳಿದಂತೆಯೇ ಇರುವುದಿಲ್ಲ. ಕೆಂಟ್ ಸ್ಟೇಟ್ ಚಾಂಪಿಯನ್ ಆದರೆ ದೇಶವೇ ಬೆಚ್ಚಿ ಬೀಳಬೇಕು. ಗೇಮ್‌ನಲ್ಲಿ ಒಂದು ಸಣ್ಣ ದೃಶ್ಯ, ಆಮೇಲೆ ಮೆನು.

25ರ ರೋಡ್ ಟು ಗ್ಲೋರಿಯಂತೂ ಪೂರ್ತಿ ಸೊರಗಿದೆ. ಹೈಸ್ಕೂಲ್ ಪಂದ್ಯಗಳೇ ಇಲ್ಲ. ವಾರವಾರ ಅದೇ ಪ್ರಾಕ್ಟೀಸ್, ಕೋಚ್ ನಂಬಿಕೆ ಗಳಿಸು, ಪರೀಕ್ಷೆಗೆ ಓದು, ಮಲಗು. 26ರಲ್ಲಿ ಹೈಸ್ಕೂಲ್ ವಾಪಸ್ ತಂದರು, ಅದಕ್ಕೆ ಶಹಬ್ಬಾಸ್ ಅನ್ನಬೇಕು.

---

ಹಾಸನ_ಟು_ಟೆಕ್ಸಸ್

@ಹಳೇ_ಕನ್ಸೋಲ್ ಲೈನ್‌ಬ್ಯಾಕರ್ ವಿಷಯದಲ್ಲಿ ನೂರಕ್ಕೆ ನೂರು ಒಪ್ಪುತ್ತೇನೆ. ಲೈನ್‌ಮನ್ ವಿಷಯದಲ್ಲಿ ಒಪ್ಪುವುದಿಲ್ಲ ಅಣ್ಣ. ಎಷ್ಟೋ ಜನ ಸ್ನ್ಯಾಪ್ (ಚೆಂಡು ಆಟಕ್ಕೆ ಬರುವ ಕ್ಷಣ) ಮುಂಚೆ ಪ್ರೊಟೆಕ್ಷನ್, ಅಂದರೆ ಯಾರು ಯಾರನ್ನು ತಡೆಯಬೇಕು ಅನ್ನುವುದನ್ನು, ಬದಲಿಸುವುದೇ ಇಲ್ಲ. ಎಡಗಡೆ ಒಬ್ಬ ಜಾಸ್ತಿ ನಿಂತಿದ್ದಾನೆ ಅಂದರೆ ಲೈನನ್ನು ಎಡಕ್ಕೆ ತಿರುಗಿಸಬೇಕು, ಇಲ್ಲವೇ ರನ್ನಿಂಗ್ ಬ್ಯಾಕನ್ನು ಬ್ಲಾಕ್ ಮಾಡಲು ನಿಲ್ಲಿಸಬೇಕು. ಐದು ಜನ ಆರು ಜನರನ್ನು ತಡೆಯಲು ಆಗುವುದಿಲ್ಲ, ಅದು ಲೆಕ್ಕ. ನಿಜವಾದ ಪಂದ್ಯದಲ್ಲೂ ಹಾಗೇ ಆಗುತ್ತದೆ.

ಕಿಕ್ ಮೀಟರ್ ಕಷ್ಟ ಇದ್ದದ್ದು ನನಗೆ ಇಷ್ಟವೇ ಆಯಿತು. ಕಾಲೇಜ್ ಕಿಕ್ಕರ್‌ಗಳು ತಪ್ಪುತ್ತಾರೆ. 20 ವರ್ಷದ ಹುಡುಗ, ಲಕ್ಷ ಜನ ಕೂಗುತ್ತಿದ್ದಾರೆ, ಕಾಲು ನಡುಗದೆ ಇರುತ್ತದಾ?

---

ಹಳೇ_ಕನ್ಸೋಲ್

ಎದುರಿನವರು ಆರು ಜನ ಬಂದಾಗ ನೀವು ಹೇಳಿದ್ದು ಸರಿ. ನಾಲ್ಕೇ ಜನ ಬಂದು, ನಮ್ಮವರು ಐದು ಜನ ಇದ್ದು, ಅದರಲ್ಲಿ ಇಬ್ಬರು ಒಬ್ಬನನ್ನೇ ಹಿಡಿದು ಇನ್ನೊಬ್ಬನನ್ನು ಬಿಟ್ಟುಬಿಟ್ಟರೆ ಅದಕ್ಕೆ ಏನನ್ನುತ್ತೀರಿ? ಅತಿ ಕಷ್ಟದ ಹೈಸ್ಮನ್ ಲೆವೆಲ್‌ನಲ್ಲಿ ಆಡಿ ನೋಡಿ. ಆ ಲೆವೆಲ್‌ನಲ್ಲಿ ಕಂಪ್ಯೂಟರ್ ಜಾಣತನದಿಂದ ಗೆಲ್ಲುವುದಿಲ್ಲ, ನಮ್ಮ ಆಟಗಾರರನ್ನು ದಡ್ಡರನ್ನಾಗಿ ಮಾಡಿ ಗೆಲ್ಲುತ್ತದೆ. ನಾನು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಆಲ್-ಅಮೆರಿಕನ್ ಲೆವೆಲ್‌ನಲ್ಲಿ ಸ್ಲೈಡರ್ (ಆಟದ ಕಷ್ಟ ಹೊಂದಿಸುವ ಸೆಟ್ಟಿಂಗ್) ಬದಲಿಸಿಕೊಂಡು ಆಡುತ್ತೇನೆ, ಅದೇ ಚೆನ್ನಾಗಿರುವುದು.

---

ಅಟ್ಲಾಂಟಾ_ಅಮ್ಮ

ತಮ್ಮಾ, ನಾನು ಗೇಮ್ ಆಡುವವಳಲ್ಲ, ಮಗ ಆಡುತ್ತಾನೆ. ನಾನು ಪಕ್ಕದಲ್ಲಿ ಕೂತು ನೋಡುತ್ತೇನೆ. ನೋಡಿ ನೋಡಿಯೇ ನನಗೆ ಫುಟ್‌ಬಾಲ್ ರೂಲ್ಸ್ ಬಂದದ್ದು, ಹಾಗಾಗಿ ನಿಮಗೂ ಕೈಗೆ ಹತ್ತುತ್ತದೆ, ಹೆದರಬೇಡಿ. ನಾಲ್ಕು ಅವಕಾಶದಲ್ಲಿ 10 ಗಜ ಮುಂದೆ ಹೋಗಬೇಕು, ಅಷ್ಟು ಗೊತ್ತಿದ್ದರೆ ಉಳಿದದ್ದು ತಾನೇ ಬರುತ್ತದೆ.

ಆದರೆ ಇಲ್ಲಿ ಯಾರೂ ಹೇಳದ ಒಂದು ಮಾತು ಇದೆ. ಇದರಲ್ಲಿ ಅಲ್ಟಿಮೇಟ್ ಟೀಮ್ ಅಂತ ಒಂದು ಭಾಗ ಇದೆ. ಆಟಗಾರರ ಕಾರ್ಡ್ ಇರುವ ಪ್ಯಾಕ್ ಅನ್ನು ನಿಜವಾದ ದುಡ್ಡು ಕೊಟ್ಟು ಕೊಳ್ಳಬಹುದು. ಒಳಗೆ ಏನಿದೆ ಅಂತ ಕೊಂಡ ಮೇಲೇ ಗೊತ್ತಾಗುವುದು. 70 ಡಾಲರ್ ಕೊಟ್ಟು ಕೊಂಡ ಆಟದೊಳಗೆ ಮಕ್ಕಳಿಗೆ ಮತ್ತೆ ದುಡ್ಡಿನ ಆಸೆ ಹುಟ್ಟಿಸುವುದು ನನಗೆ ಒಂದು ಚೂರೂ ಸರಿ ಕಾಣುವುದಿಲ್ಲ. ಮನೆಯಲ್ಲಿ ಮಕ್ಕಳಿರುವವರು ಮೊದಲ ದಿನವೇ ಕನ್ಸೋಲ್ ಸೆಟ್ಟಿಂಗ್‌ಗೆ ಹೋಗಿ ಖರ್ಚಿನ ಮಿತಿಯನ್ನು ಸೊನ್ನೆಗೆ ಇಡಿ. ರೂಮ್‌ಮೇಟ್ ಕಾರ್ಡ್ ಆ ಪಿಎಸ್5ನಲ್ಲಿ ಸೇವ್ ಆಗಿದ್ದರೆ ನೀವೂ ಒಮ್ಮೆ ನೋಡಿಕೊಳ್ಳಿ.

---

ಹಳೇ_ಕನ್ಸೋಲ್

ಅಕ್ಕ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. 25ರಲ್ಲಿ ಆ ದುಡ್ಡಿನ ಕಾಟ ಅಲ್ಟಿಮೇಟ್ ಟೀಮ್ ಒಳಗೇ ಇತ್ತು. 26ರಲ್ಲಿ ಅದು ಡೈನಸ್ಟಿ ಮತ್ತು ರೋಡ್ ಟು ಗ್ಲೋರಿಗೂ ಕಾಲಿಟ್ಟಿತು. ನಿಮ್ಮ ಕೋಚ್ ಬೇಗ ಬೆಳೆಯಬೇಕಾದರೆ ದುಡ್ಡು ಕೊಟ್ಟು ಪಾಯಿಂಟ್ ಕೊಳ್ಳಬಹುದು. ಕೊಳ್ಳಲೇಬೇಕು ಅಂತಿಲ್ಲ, ನಿಜ. ಆದರೆ ಒಬ್ಬರೇ ಕೂತು ನಿಧಾನವಾಗಿ ತಂಡ ಕಟ್ಟುವ ಸುಖಕ್ಕೇ ಜನ ಡೈನಸ್ಟಿಗೆ ಬರುವುದು, ಅಲ್ಲೂ ಅಂಗಡಿ ತೆರೆದದ್ದು ತುಂಬಾ ಜನರಿಗೆ ಕೋಪ ತರಿಸಿತು. ನನಗೂ.

---

ಜಯನಗರ_ಪಿಸಿ

ಬೆಂಗಳೂರಿನಿಂದ. ಪಿಸಿಯಲ್ಲಿ ಆಡಲು ದಾರಿ ಇದೆಯಾ? ಮ್ಯಾಡನ್ ಪಿಸಿಗೆ ಬರುತ್ತದೆ, ಇದು ಯಾಕೆ ಇಲ್ಲ?

---

ಮೈಸೂರು_ಮಿಷಿಗನ್

25, 26 ಎರಡೂ ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ ಮಾತ್ರ. ಪಿಸಿಗೆ ಬಂದರೆ ಮಾಡ್ ಮಾಡುವವರು (ಗೇಮ್‌ನ ಫೈಲ್ ತಿದ್ದುವ ಅಭಿಮಾನಿಗಳು) ಆಟಗಾರರ ಮುಖ, ಹೆಸರು ಎಲ್ಲ ತಿದ್ದಿಬಿಡುತ್ತಾರೆ, ಒಪ್ಪಂದಕ್ಕೆ ತೊಂದರೆ ಆಗುತ್ತದೆ ಅನ್ನುವುದು ನನ್ನ ಊಹೆ. ಹಳೆಯ 14 ಮೇಲೆ ಅಭಿಮಾನಿಗಳು ಕಟ್ಟಿದ ಕಾಲೇಜ್ ಫುಟ್‌ಬಾಲ್ ರೀವ್ಯಾಂಪ್ಡ್ ಅನ್ನುವ ಮಾಡ್ ಇದೆ. ಹೊಸ ಅಂಗಿ, ಹೊಸ ಸ್ಟೇಡಿಯಂ ಎಲ್ಲ ಹಾಕಿ ಆ ಆಟವನ್ನು ಜೀವಂತ ಇಟ್ಟವರು ಅವರೇ. ಪಿಸಿಯಲ್ಲಿ ಪಿಎಸ್3 ಗೇಮ್ ಓಡಿಸುವ ಎಮ್ಯುಲೇಟರ್‌ನಲ್ಲಿ ನಡೆಯುತ್ತದೆ. ಆದರೆ ಅದಕ್ಕೆ 14ರ ಡಿಸ್ಕ್ ನಿಮ್ಮ ಹತ್ತಿರ ಇರಬೇಕು, ಅದು ಅಮೆರಿಕದಲ್ಲೇ ಅಗ್ಗಕ್ಕೆ ಸಿಗುವುದಿಲ್ಲ.

---

ಕೊಲಂಬಸ್_ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮಾ, ರೂಮ್‌ಮೇಟ್ ಕಾರ್ಡ್ ಸೇವ್ ಆಗಿತ್ತು, ತೆಗೆಸಿದೆ.

ಇಷ್ಟು ಓದಿದ ಮೇಲೆ ಡೈನಸ್ಟಿಯೇ ನನಗೆ ಸರಿ ಅನ್ನಿಸುತ್ತಿದೆ. ಹಾಗಾದರೆ 25 ಸಾಕಾ? ಇನ್ನೊಂದು, ಒಹಾಯೊ ಸ್ಟೇಟ್ ತಗೊಂಡೇ ಶುರು ಮಾಡಲಾ, ಅಥವಾ ಸಣ್ಣ ತಂಡವಾ? ನನಗೆ ಒಹಾಯೊ ಸ್ಟೇಟ್ ಬಿಡಲು ಮನಸ್ಸಿಲ್ಲ.

---

ಮೈಸೂರು_ಮಿಷಿಗನ್

ಡೈನಸ್ಟಿಗೇ ಆದರೆ 26 ತಗೊಳ್ಳಿ. ಮೊದಲ ಕಾರಣ, ನಿಜವಾದ ಕೋಚ್‌ಗಳು. 25ರಲ್ಲಿ ಆಟಗಾರರು ನಿಜ, ಕೋಚ್‌ಗಳು ಮಾತ್ರ ಸುಳ್ಳು ಹೆಸರಿನವರು. ಕಾಲೇಜ್ ಆಟದಲ್ಲಿ ಹುಡುಗರು ಬಂದು ಹೋಗುತ್ತಾರೆ, ಕೋಚ್ ಉಳಿಯುತ್ತಾರೆ, ಹಾಗಾಗಿ ಅದು ದೊಡ್ಡ ಕೊರತೆಯೇ ಆಗಿತ್ತು. 26ರಲ್ಲಿ ಒಹಾಯೊ ಸ್ಟೇಟ್‌ನ ರಯನ್ ಡೇ ಸೇರಿ ಮುನ್ನೂರಕ್ಕೂ ಜಾಸ್ತಿ ಕೋಚ್‌ಗಳಿದ್ದಾರೆ. ನಿಮ್ಮ ಒಳ್ಳೆಯ ಕೋಆರ್ಡಿನೇಟರನ್ನು ಬೇರೆ ಕಾಲೇಜು ಎತ್ತಿಕೊಂಡು ಹೋದಾಗ ಹೊಟ್ಟೆ ಉರಿಯುತ್ತದೆ. ಎರಡನೆಯದು, ಪ್ಲೇಆಫ್ ಎಷ್ಟು ತಂಡದ್ದಿರಬೇಕು ಅಂತ ನೀವೇ ಬದಲಿಸಿಕೊಳ್ಳಬಹುದು. ನಿಮ್ಮ ಒಹಾಯೊ ಸ್ಟೇಟ್‌ನ ರಿಸೀವರ್ ಜೆರೆಮಾಯಾ ಸ್ಮಿತ್ ಬೇರೆ ಅದರ ಕವರ್ ಮೇಲಿದ್ದಾನೆ. ಪಾಯಿಂಟ್ ಮಾರುವ ಅಂಗಡಿಯ ಕಡೆ ತಿರುಗಿ ನೋಡಬೇಡಿ, ಆಟ ಏನೂ ಕುಂದುವುದಿಲ್ಲ.

ಬರೀ ಪಂದ್ಯ ಆಡಲು, ಗೆಳೆಯರು ಬಂದಾಗ ಒಂದೊಂದು ಆಟಕ್ಕೆ ಅಂದಿದ್ದರೆ 25 ಸಾಕು ಅನ್ನುತ್ತಿದ್ದೆ. ಮೈದಾನದ ಆಟದಲ್ಲಿ ಅಂಥ ದೊಡ್ಡ ವ್ಯತ್ಯಾಸ ಇಲ್ಲ.

ತಂಡದ ವಿಷಯ. ಒಹಾಯೊ ಸ್ಟೇಟ್ ತಗೊಂಡರೆ ಮೊದಲ ದಿನವೇ ಐದು ಸ್ಟಾರ್ ಹುಡುಗರು ತಾವಾಗಿಯೇ ಬರುತ್ತಾರೆ, ರಿಕ್ರೂಟಿಂಗ್ ಹೇಗೆ ನಡೆಯುತ್ತದೆ ಅಂತ ನಿಮಗೆ ತಿಳಿಯುವುದೇ ಇಲ್ಲ. ಒಹಾಯೊದಲ್ಲೇ ಸಣ್ಣ ತಂಡ ಬೇಕಾದಷ್ಟಿವೆ. ಆಕ್ರನ್, ಕೆಂಟ್ ಸ್ಟೇಟ್, ಬೌಲಿಂಗ್ ಗ್ರೀನ್, ಟೊಲೀಡೊ. ಆಕ್ರನ್‌ನಲ್ಲಿ ಕೋಆರ್ಡಿನೇಟರ್ ಆಗಿ ಸೇರಿ. ಸುಲಭದ ವಾರ್ಸಿಟಿ ಲೆವೆಲ್‌ನಲ್ಲಿ ಒಂದು ಸೀಸನ್ ಆಡಿ, ಕೈ ಕುದುರಿದ ಮೇಲೆ ಆಲ್-ಅಮೆರಿಕನ್‌ಗೆ ಹೋಗಿ. ಹೆಸರು ಬಂದರೆ ಒಹಾಯೊ ಸ್ಟೇಟ್‌ನವರೇ ಕೆಲಸಕ್ಕೆ ಕರೆಯಬಹುದು.

ಮೊದಲ ವಾರ ಮಾಡಬೇಕಾದ್ದು ಇಷ್ಟೇ. ರಿಕ್ರೂಟಿಂಗ್ ಬೋರ್ಡ್‌ನಲ್ಲಿ 35 ಜನರಿಗೆ ಜಾಗ ಇರುತ್ತದೆ. ಐದು ಸ್ಟಾರ್ ಹುಡುಗರನ್ನು ಅದರಲ್ಲಿ ಹಾಕಲೇಬೇಡಿ. ನಿಮ್ಮ ಕಾಲೇಜಿನ ಗ್ರೇಡ್‌ಗಳಲ್ಲಿ ಯಾವುದು ಚೆನ್ನಾಗಿದೆ ನೋಡಿ. ಆಕ್ರನ್‌ಗೆ ಬೇರೆ ಏನಿಲ್ಲದಿದ್ದರೂ ಹೊಸಬರಿಗೆ ಆಡುವ ಅವಕಾಶ ಕೊಡುವುದರಲ್ಲಿ ಒಳ್ಳೆಯ ಗ್ರೇಡ್ ಇರುತ್ತದೆ. ಅದನ್ನೇ ಬಯಸುವ, ಒಹಾಯೊ ಮತ್ತು ಸುತ್ತಮುತ್ತಲಿನ ಎರಡು, ಮೂರು ಸ್ಟಾರ್ ಹುಡುಗರನ್ನು ಆರಿಸಿ, ಮೊದಲ ವಾರವೇ ಅವರೆಲ್ಲರಿಗೂ ಸ್ಕಾಲರ್‌ಶಿಪ್ ಕೊಟ್ಟುಬಿಡಿ. ಲೈನ್‌ಮನ್‌ಗಳನ್ನು ಮರೆಯಬೇಡಿ. ಹೊಸಬರೆಲ್ಲ ಕ್ವಾರ್ಟರ್‌ಬ್ಯಾಕ್, ರಿಸೀವರ್ ಹಿಂದೆ ಬಿದ್ದು ಎರಡನೇ ವರ್ಷ ಬ್ಲಾಕ್ ಮಾಡುವವರಿಲ್ಲದೆ ಒದ್ದಾಡುತ್ತಾರೆ.

ನಾವು ಕೆಲವು ಕನ್ನಡದವರು, ಡಲ್ಲಾಸ್, ಫ್ರೀಮಾಂಟ್, ನ್ಯೂಜೆರ್ಸಿ ಕಡೆಯವರೆಲ್ಲ ಸೇರಿ ಆನ್‌ಲೈನ್ ಡೈನಸ್ಟಿ ನಡೆಸುತ್ತೇವೆ. ಒಂದರಲ್ಲಿ 32 ಜನರವರೆಗೆ ಸೇರಬಹುದು, ನಮ್ಮಲ್ಲಿ ಇನ್ನೂ ಬೇಕಾದಷ್ಟು ಜಾಗ ಇದೆ. ಹೊಡೆದಾಟ ಏನಿಲ್ಲ, ವಾರಕ್ಕೆ ಒಂದು ಪಂದ್ಯ, ಹೆಚ್ಚಿನವು ಕಂಪ್ಯೂಟರ್ ಜೊತೆಗೇ. ಒಂದೇ ನಿಯಮ, ಮೊದಲ ಸೀಸನ್ ಸಣ್ಣ ತಂಡದಿಂದಲೇ ಶುರು ಮಾಡಬೇಕು. ಆಕ್ರನ್ ಖಾಲಿ ಇದೆ. ಬೇಕಾದರೆ ಮೆಸೇಜ್ ಹಾಕಿ, ಹಿಡಿದಿಡುತ್ತೇನೆ.